ಕ್ಲೌಡ್‌ನಲ್ಲಿಟ್ಟ ಫೈಲು ತಾಳೆಯಾಗದಿದ್ದರೆ

ಕಾಲೇಜಿನ ಕಂಪ್ಯೂಟರ್ ಕೊಠಡಿಯಲ್ಲಿ ಕುಳಿತು ಪ್ರಾಜೆಕ್ಟ್ ವರದಿಯನ್ನು ತಿದ್ದಿ ಉಳಿಸುತ್ತೀರಿ. ಸಂಜೆ ಮನೆಯ ಕಂಪ್ಯೂಟರಿನಲ್ಲಿ ಅದೇ ವರದಿಯನ್ನು ತೆರೆದರೆ ಹಿಂದಿನ ವಾರದ ಪ್ರತಿಯೇ ಕಾಣುತ್ತದೆ. ನಾಳೆ ಬೆಳಿಗ್ಗೆ ವರದಿ ಒಪ್ಪಿಸಬೇಕು. ಇಂಥ ಹೊತ್ತಿನಲ್ಲಿ ಗಾಬರಿಯಾಗಿ ತಂತ್ರಾಂಶವನ್ನು ತೆಗೆದು ಮತ್ತೆ ಹಾಕುವವರಿದ್ದಾರೆ, ಖಾತೆಯ ಸಂಪರ್ಕ ಕಡಿಯುವವರಿದ್ದಾರೆ, ಹಳೆಯದೆಂದು ತೋರಿದ ಪ್ರತಿಯನ್ನು ಅಳಿಸುವವರೂ ಇದ್ದಾರೆ. ಮೊದಲಿದ್ದ ತೊಂದರೆಯಿಂದ ಕೆಡದ ಫೈಲು ಇಂಥ ಅವಸರದ ದುರಸ್ತಿಯಿಂದ ಕೆಟ್ಟುಹೋಗಬಹುದು. ಆದ್ದರಿಂದ ಏನು ಮಾಡಬೇಕು, ಅದನ್ನು ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ಈಗಲೇ ತಿಳಿದುಕೊಳ್ಳೋಣ.

ಸಿಂಕ್ ಎಂದರೇನು?

ಕ್ಲೌಡ್ ಎಂದು ನಾವು ಕರೆಯುವುದು ಬೇರೆಲ್ಲೋ ದೊಡ್ಡ ಕಟ್ಟಡಗಳಲ್ಲಿ ಹಗಲಿರುಳು ಓಡುತ್ತಿರುವ ಕಂಪ್ಯೂಟರುಗಳನ್ನು. ಇಂಟರ್‌ನೆಟ್ ಮೂಲಕ ನಮ್ಮ ಫೈಲುಗಳನ್ನು ಅಲ್ಲಿ ಇಡುತ್ತೇವೆ. ಡ್ರಾಪ್‌ಬಾಕ್ಸ್ 2008ರಲ್ಲಿ, ಗೂಗಲ್ ಡ್ರೈವ್ 2012ರಲ್ಲಿ ಜನರ ಬಳಕೆಗೆ ಬಂದವು. ಮೈಕ್ರೋಸಾಫ್ಟ್‌ನ ಸ್ಕೈಡ್ರೈವ್ 2014ರಲ್ಲಿ ಒನ್‌ಡ್ರೈವ್ ಎಂಬ ಹೆಸರು ಪಡೆಯಿತು.

ಮನೆಗೆ ಹಾಲು ಹಾಕುವವರ ಲೆಕ್ಕವನ್ನು ನೆನಪಿಸಿಕೊಳ್ಳಿ. ಅವರ ಪುಸ್ತಕದಲ್ಲಿ ಒಂದು ಗುರುತು, ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗುರುತು. ತಿಂಗಳ ಕೊನೆಗೆ ಎರಡನ್ನೂ ಎದುರಿಗಿಟ್ಟು ತಾಳೆ ನೋಡುತ್ತಾರೆ. ಸಿಂಕ್ ಎಂಬುದು ಇಂಥದೇ ತಾಳೆ ನೋಡುವ ಕೆಲಸ. ನಿಮ್ಮ ಕಂಪ್ಯೂಟರಿನ ಫೋಲ್ಡರ್ ಮತ್ತು ಕ್ಲೌಡ್‌ನ ಫೋಲ್ಡರ್ ಒಂದೇ ರೀತಿ ಇರುವಂತೆ ತಂತ್ರಾಂಶವು ಮತ್ತೆ ಮತ್ತೆ ಹೋಲಿಸಿ ಸರಿಪಡಿಸುತ್ತಿರುತ್ತದೆ.

ಆದರೆ ಈ ತಂತ್ರಾಂಶಕ್ಕೆ ಯಾವುದು ಸರಿ, ಯಾವುದು ತಪ್ಪು ಎಂಬ ತಿಳಿವಳಿಕೆ ಇಲ್ಲ. ಯಾವುದು ಬದಲಾಗಿದೆ ಎಂಬುದಷ್ಟೇ ಅದಕ್ಕೆ ಗೊತ್ತು. ನೀವು ಒಂದು ಪುಟ ಸೇರಿಸಿದರೆ ಅದು ಎಲ್ಲ ಕಡೆಗೂ ಸೇರುತ್ತದೆ. ನೀವು ಫೈಲನ್ನು ಅಳಿಸಿದರೆ ಅದೂ ಒಂದು ಬದಲಾವಣೆಯೇ. ಎಲ್ಲ ಕಡೆಯಿಂದಲೂ ಅಳಿಸಿಹೋಗುತ್ತದೆ. ಸಿಂಕ್ ಆಗುವ ಫೋಲ್ಡರನ್ನು ತಿಜೋರಿ ಎಂದು ಭಾವಿಸಬೇಡಿ. ಅದು ಕನ್ನಡಿಯಂತೆ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಮೊದಲು ಪ್ರತಿ, ಆಮೇಲೆ ದುರಸ್ತಿ

ತೊಂದರೆ ಕಂಡ ಕೂಡಲೇ ಸಿಂಕ್ ಫೋಲ್ಡರಿನಲ್ಲಿರುವ ಮುಖ್ಯ ಫೈಲುಗಳನ್ನು ಪೆನ್‌ಡ್ರೈವ್‌ಗೆ ಅಥವಾ ಸಿಂಕ್ ಆಗದ ಬೇರೊಂದು ಫೋಲ್ಡರಿಗೆ ಪ್ರತಿ ಮಾಡಿ. ಹಳೆಯದೆಂದು ಕಂಡರೂ ಅದನ್ನು ಬಿಡಬೇಡಿ. ಇಲ್ಲಿ ಒಂದು ಎಚ್ಚರಿಕೆ: ಕಾಪಿ ಮಾಡಬೇಕು, ಕಟ್ ಮಾಡಬಾರದು. ಫೈಲನ್ನು ಸಿಂಕ್ ಫೋಲ್ಡರಿನಿಂದ ಹೊರಗೆ ಎಳೆದು ಹಾಕಿದರೆ ತಂತ್ರಾಂಶವು ಅದನ್ನು ಅಳಿಸಲಾಗಿದೆ ಎಂದೇ ತಿಳಿಯುತ್ತದೆ.

2023ರ ನವೆಂಬರಿನಲ್ಲಿ ಗೂಗಲ್ ಡ್ರೈವ್‌ನ ಕಂಪ್ಯೂಟರ್ ತಂತ್ರಾಂಶದ 84ನೆಯ ಆವೃತ್ತಿಯನ್ನು ಬಳಸುತ್ತಿದ್ದ ಕೆಲವರಿಗೆ ತಿಂಗಳುಗಟ್ಟಲೆ ಮಾಡಿದ ಕೆಲಸವೇ ಕಾಣದಾಯಿತು. ಆಗ ಕಂಪನಿ ಕೊಟ್ಟ ಸೂಚನೆ ಹೀಗಿತ್ತು: ಖಾತೆಯ ಸಂಪರ್ಕ ಕಡಿಯಬೇಡಿ, ತಂತ್ರಾಂಶವು ತನ್ನ ಬಳಕೆಗೆ ಇಟ್ಟುಕೊಂಡ ಫೋಲ್ಡರನ್ನು ಅಳಿಸಬೇಡಿ, ಜಾಗವಿದ್ದರೆ ಆ ಫೋಲ್ಡರಿನ ಒಂದು ಪ್ರತಿ ತೆಗೆದಿಡಿ. ಡಿಸೆಂಬರಿನಲ್ಲಿ ಬಂದ 85ನೆಯ ಆವೃತ್ತಿಯಲ್ಲಿ ಫೈಲುಗಳನ್ನು ಮರಳಿ ಪಡೆಯುವ ಸೌಲಭ್ಯವಿತ್ತು. ಅವಸರಪಟ್ಟು ಎಲ್ಲವನ್ನೂ ಅಳಿಸಿ ಹೊಸದಾಗಿ ಆರಂಭಿಸಿದವರಿಗಿಂತ ಮುಟ್ಟದೆ ಕಾದವರಿಗೆ ಹೆಚ್ಚು ಅವಕಾಶವಿತ್ತು ಎಂಬುದು ಇದರಿಂದ ಸ್ಪಷ್ಟ.

ದೋಷ ಯಾವ ಕಡೆ ಇದೆ?

ಈಗ ಬ್ರೌಸರ್ ತೆರೆದು ಕ್ಲೌಡ್ ಸೇವೆಯ ಜಾಲತಾಣಕ್ಕೆ ನಿಮ್ಮ ಖಾತೆಯಿಂದ ಪ್ರವೇಶಿಸಿ. ಅಲ್ಲಿ ಆ ಫೈಲನ್ನು ಹುಡುಕಿ, ಅದು ಕೊನೆಯದಾಗಿ ಬದಲಾದ ದಿನ ಮತ್ತು ವೇಳೆಯನ್ನು ನೋಡಿ. ಈ ಒಂದೇ ಪರೀಕ್ಷೆಯಿಂದ ಸಮಸ್ಯೆ ಎರಡು ಭಾಗವಾಗುತ್ತದೆ. ಜಾಲತಾಣದಲ್ಲಿ ಹೊಸ ಪ್ರತಿ ಇದ್ದರೆ ದೋಷ ಮನೆಯ ಕಂಪ್ಯೂಟರಿನದು. ಅಲ್ಲಿಯೂ ಹಳೆಯ ಪ್ರತಿಯೇ ಇದ್ದರೆ ಕಾಲೇಜಿನ ಕಂಪ್ಯೂಟರಿನಿಂದ ಫೈಲು ಮೇಲಕ್ಕೆ ಹೋಗಿಯೇ ಇಲ್ಲ. ಎರಡನೆಯ ಸ್ಥಿತಿಯಲ್ಲಿ ಮನೆಯ ಕಂಪ್ಯೂಟರನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ.

ಫೈಲು ಮೇಲಕ್ಕೆ ಹೋಗದಿರಲು ಕಾರಣಗಳು

ಫೈಲನ್ನು ಸಿಂಕ್ ಫೋಲ್ಡರಿನ ಬದಲು ಬೇರೆ ಕಡೆ ಉಳಿಸಿರಬಹುದು. ಇಲ್ಲವೇ ಫೈಲು ಹೋಗಿ ಮುಗಿಯುವ ಮೊದಲೇ ಕಂಪ್ಯೂಟರನ್ನು ಆರಿಸಿರಬಹುದು. ಒಂದು ಲೆಕ್ಕ ಮಾಡಿ ನೋಡಿ. ನಿಮ್ಮ ವಿಡಿಯೋ ಫೈಲು 600 ಮೆಗಾಬೈಟ್ ಇದೆ. ಇಂಟರ್‌ನೆಟ್ ಮೇಲಕ್ಕೆ ಕಳಿಸುವ ವೇಗ ಸೆಕೆಂಡಿಗೆ 2 ಮೆಗಾಬಿಟ್. ಒಂದು ಬೈಟಿಗೆ 8 ಬಿಟ್. 600ನ್ನು 8ರಿಂದ ಗುಣಿಸಿದರೆ 4,800. ಅದನ್ನು 2ರಿಂದ ಭಾಗಿಸಿದರೆ 2,400 ಸೆಕೆಂಡು, ಅಂದರೆ 40 ನಿಮಿಷ. ಐದೇ ನಿಮಿಷದಲ್ಲಿ ಕಂಪ್ಯೂಟರ್ ಆರಿಸಿ ಬಸ್ಸಿಗೆ ಓಡಿದರೆ ಫೈಲು ಅಲ್ಲಿಯೇ ಉಳಿಯುತ್ತದೆ. ಅದು ಹಾಳಾಗಿಲ್ಲ. ಮರುದಿನ ಅದೇ ಕಂಪ್ಯೂಟರನ್ನು ಚಾಲೂ ಮಾಡಿ, ಖಾತೆ ಅಲ್ಲಿ ತೆರೆದೇ ಇದ್ದರೆ, ಕೆಲಸ ಮುಂದುವರಿಯುತ್ತದೆ.

ಎರಡನೆಯ ಕಾರಣ ಜಾಗದ ಕೊರತೆ. ಗೂಗಲ್ ಖಾತೆಯ ಉಚಿತ ಜಾಗವನ್ನು ಡ್ರೈವ್, ಜಿಮೇಲ್ ಮತ್ತು ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ. ಫೋನಿನ ಫೋಟೋಗಳೇ ಜಾಗವನ್ನು ತುಂಬಿಬಿಟ್ಟರೆ ವರದಿಗೆ ಸ್ಥಳವಿರುವುದಿಲ್ಲ.

ಮೂರನೆಯದು ಫೈಲಿನ ಹೆಸರು. ವಿಂಡೋಸ್‌ನಲ್ಲಿ \ / : * ? " < > | ಎಂಬ 9 ಚಿಹ್ನೆಗಳು ಫೈಲಿನ ಹೆಸರಿನಲ್ಲಿ ಇರುವಂತಿಲ್ಲ. ಬ್ರೌಸರಿನಲ್ಲಿ ಗೂಗಲ್ ಡ್ರೈವ್ ತೆರೆದು ‘ವರದಿ: 12/6’ ಎಂದು ಹೆಸರಿಟ್ಟರೆ ಅದು ನಡೆಯುತ್ತದೆ; ಅದೇ ಹೆಸರನ್ನು ಮನೆಯ ವಿಂಡೋಸ್ ಕಂಪ್ಯೂಟರ್ ಒಪ್ಪುವುದಿಲ್ಲ. ಫೋಲ್ಡರಿನೊಳಗೆ ಫೋಲ್ಡರ್ ಮಾಡುತ್ತ ಹೋದರೂ ಕಷ್ಟ. ಒನ್‌ಡ್ರೈವ್‌ನಲ್ಲಿ ಫೋಲ್ಡರುಗಳ ಹೆಸರೂ ಸೇರಿ ಒಟ್ಟು 400 ಅಕ್ಷರಗಳ ಮಿತಿ ಇದೆ. ಹೆಸರು ಚಿಕ್ಕದಾಗಿ, ಚಿಹ್ನೆಗಳಿಲ್ಲದೆ ಇರಲಿ.

ಫೈಲು ಕೆಳಕ್ಕೆ ಬಾರದಿರಲು ಕಾರಣಗಳು

ಜಾಲತಾಣದಲ್ಲಿ ಹೊಸ ಪ್ರತಿ ಇದ್ದು ಮನೆಗೆ ಬಾರದಿದ್ದರೆ ಈ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿಕೊಳ್ಳಿ.

ಕಂಪ್ಯೂಟರಿನಲ್ಲಿ ಯಾರ ಖಾತೆ ತೆರೆದಿದೆ? ಮನೆಯಲ್ಲಿ ಅಣ್ಣ, ಅಕ್ಕ ಎಲ್ಲರೂ ಒಂದೇ ಕಂಪ್ಯೂಟರ್ ಬಳಸುವಾಗ ಬೇರೆಯವರ ಖಾತೆಯೇ ತೆರೆದಿರಬಹುದು. ನಿಮಗೇ ಎರಡು ಖಾತೆಗಳಿದ್ದರಂತೂ ಗೊಂದಲ ಇನ್ನೂ ಸುಲಭ.

ಸಿಂಕ್ ತಾತ್ಕಾಲಿಕವಾಗಿ ನಿಂತಿದೆಯೇ? ಲ್ಯಾಪ್‌ಟಾಪ್ ಬ್ಯಾಟರಿ ಉಳಿತಾಯದ ಸ್ಥಿತಿಯಲ್ಲಿದ್ದಾಗ, ಇಲ್ಲವೇ ಇಂಟರ್‌ನೆಟ್ ಸಂಪರ್ಕವನ್ನು ಮಿತ ಬಳಕೆಯದೆಂದು ಗುರುತಿಸಿದ್ದಾಗ ಒನ್‌ಡ್ರೈವ್ ತಾನಾಗಿಯೇ ನಿಲ್ಲುತ್ತದೆ. ಪರದೆಯ ಕೆಳಗಡೆ ಬಲಮೂಲೆಯಲ್ಲಿರುವ ಅದರ ಗುರುತಿನ ಮೇಲೆ ಒತ್ತಿದರೆ ಕಾರಣ ಕಾಣುತ್ತದೆ.

ಫೈಲಿನ ಪಕ್ಕದಲ್ಲಿ ಯಾವ ಚಿಹ್ನೆ ಇದೆ? ಒನ್‌ಡ್ರೈವ್‌ನಲ್ಲಿ ನೀಲಿ ಮೋಡದ ಚಿತ್ರವಿದ್ದರೆ ಫೈಲಿನ ಹೆಸರು ಮಾತ್ರ ನಿಮ್ಮಲ್ಲಿದೆ, ಒಳಗಿನ ವಿಷಯ ಕ್ಲೌಡ್‌ನಲ್ಲಿದೆ ಎಂದರ್ಥ. ಇಂಟರ್‌ನೆಟ್ ಇಲ್ಲದಾಗ ಅದು ತೆರೆಯುವುದಿಲ್ಲ. ಹಸಿರು ಸರಿ ಗುರುತಿದ್ದರೆ ಫೈಲು ನಿಮ್ಮಲ್ಲೇ ಇದೆ. ಕೆಂಪು ವೃತ್ತದಲ್ಲಿ ಅಡ್ಡ ಗುರುತಿದ್ದರೆ ತೊಂದರೆ ಇದೆ.

ಗಡಿಯಾರ ಸರಿಯಾಗಿದೆಯೇ? ಹಳೆಯ ಕಂಪ್ಯೂಟರಿನೊಳಗಿನ ಬಿಲ್ಲೆಯಂಥ ಸಣ್ಣ ಬ್ಯಾಟರಿ ಸತ್ತರೆ ತಾರೀಖು ಹಲವು ವರ್ಷ ಹಿಂದಕ್ಕೆ ಹೋಗಬಹುದು. ಜಾಲತಾಣಗಳು ತಮ್ಮ ಗುರುತಿಗಾಗಿ ತೋರಿಸುವ ಪ್ರಮಾಣಪತ್ರಕ್ಕೆ ನಿಗದಿತ ಅವಧಿ ಇರುತ್ತದೆ. ತಪ್ಪು ತಾರೀಖಿನ ಕಂಪ್ಯೂಟರ್ ಆ ಪತ್ರವನ್ನು ಒಪ್ಪದೆ ಸಂಪರ್ಕವನ್ನೇ ನಿರಾಕರಿಸುತ್ತದೆ. ತಾರೀಖು ಸರಿಪಡಿಸಿದರೆ ಸಾಕು.

ವಿಂಡೋಸ್ ಎಷ್ಟು ಹಳೆಯದು? ವಿಂಡೋಸ್ 7, 8 ಮತ್ತು 8.1ರಲ್ಲಿ ಒನ್‌ಡ್ರೈವ್‌ನ ವೈಯಕ್ತಿಕ ಖಾತೆಯ ತಂತ್ರಾಂಶವು 2022ರ ಮಾರ್ಚಿನಲ್ಲಿ ಸಿಂಕ್ ನಿಲ್ಲಿಸಿತು. ಅಂಥ ಕಂಪ್ಯೂಟರಿನಲ್ಲಿ ಬ್ರೌಸರಿನ ಮೂಲಕವೇ ಫೈಲನ್ನು ಇಳಿಸಿಕೊಳ್ಳಬೇಕು.

ಎರಡು ಪ್ರತಿ ಬಂದಾಗ

ಇಂಟರ್‌ನೆಟ್ ಇಲ್ಲದಿರುವಾಗ ಒಂದೇ ಫೈಲನ್ನು ಎರಡು ಕಡೆ ತಿದ್ದಿದರೆ ತಂತ್ರಾಂಶ ತೀರ್ಪು ಕೊಡಲಾರದೆ ಎರಡನ್ನೂ ಇಟ್ಟುಕೊಳ್ಳಬಹುದು. ಒಂದರ ಹೆಸರಿಗೆ ಕಂಪ್ಯೂಟರಿನ ಹೆಸರನ್ನೋ ತಾರೀಖನ್ನೋ ಅಂಟಿಸುತ್ತದೆ. ಅದನ್ನು ಕಸವೆಂದು ಅಳಿಸಬೇಡಿ. ನಿಮ್ಮ ಸಂಜೆಯ ಕೆಲಸವೆಲ್ಲ ಅದರಲ್ಲೇ ಇರಬಹುದು. ಎರಡನ್ನೂ ಅಕ್ಕಪಕ್ಕ ತೆರೆದು, ಬೇಕಾದ ಭಾಗಗಳನ್ನು ಒಂದರಲ್ಲಿ ಸೇರಿಸಿ, ಹೊಸ ಹೆಸರಿನಿಂದ ಉಳಿಸಿ.

ಸಿಂಕ್ ದೋಷವಲ್ಲದ್ದು

ಫೈಲು ಬಂದಿದೆ, ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ತುಂಬಿವೆ. ಫೈಲು ದಾರಿಯಲ್ಲಿ ಕೆಟ್ಟಿತೆಂದು ಹೆದರಬೇಡಿ. ಯೂನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಬರಹವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದಾಗ ಹೀಗಾಗುತ್ತದೆ. ಫಾಂಟ್ ಹಾಕಿಕೊಂಡರೆ ಕನ್ನಡ ಮರಳುತ್ತದೆ. ಮೊದಲಿನಿಂದಲೇ ಯೂನಿಕೋಡ್‌ನಲ್ಲಿ ಬರೆದರೆ ಈ ತೊಂದರೆ ಇರುವುದಿಲ್ಲ.

ಅಳಿಸಿಹೋಗಿದ್ದರೆ

ಕಣ್ತಪ್ಪಿ ಅಳಿಸಿದ್ದರೂ ಕೂಡಲೇ ನಿರಾಶರಾಗಬೇಕಿಲ್ಲ. ಗೂಗಲ್ ಡ್ರೈವ್‌ನಲ್ಲಿ ಮತ್ತು ಒನ್‌ಡ್ರೈವ್‌ನ ವೈಯಕ್ತಿಕ ಖಾತೆಯಲ್ಲಿ ಅಳಿಸಿದ ಫೈಲು ಸಾಮಾನ್ಯವಾಗಿ 30 ದಿನ ಕಸದಬುಟ್ಟಿಯಲ್ಲಿ ಇರುತ್ತದೆ. ಜಾಲತಾಣಕ್ಕೆ ಹೋಗಿ ಅಲ್ಲಿಂದ ಮರಳಿ ತೆಗೆಯಬಹುದು. ಫೈಲು ಇದ್ದು ಅದರೊಳಗಿನ ಬರಹ ಹೋಗಿದ್ದರೆ ಅದೇ ಜಾಲತಾಣದಲ್ಲಿ ಹಿಂದಿನ ಆವೃತ್ತಿಗಳನ್ನು ನೋಡಿ. ತಡಮಾಡಿದಷ್ಟೂ ಅವಕಾಶ ಕಡಿಮೆಯಾಗುತ್ತದೆ.

ಇಷ್ಟೆಲ್ಲ ತಿಳಿದ ಮೇಲೂ ಒಂದು ಕೆಲಸ ಬಾಕಿ ಇದೆ. ಕನ್ನಡಿಯಲ್ಲಿ ಎಷ್ಟು ಪ್ರತಿಬಿಂಬಗಳಿದ್ದರೂ ಮೂಲ ಹೋದರೆ ಎಲ್ಲವೂ ಹೋಗುತ್ತವೆ. ಆದ್ದರಿಂದ ವಾರಕ್ಕೊಮ್ಮೆ, ಪರೀಕ್ಷೆ ಮತ್ತು ಪ್ರಾಜೆಕ್ಟಿನ ದಿನಗಳಲ್ಲಿ ಪ್ರತಿದಿನ, ಮುಖ್ಯ ಫೈಲುಗಳನ್ನು ತಾರೀಖು ಹಾಕಿದ ಫೋಲ್ಡರಿನಲ್ಲಿ ಪೆನ್‌ಡ್ರೈವ್‌ಗೆ ಪ್ರತಿ ಮಾಡಿ, ಅದನ್ನು ಕಂಪ್ಯೂಟರಿನಿಂದ ಬೇರ್ಪಡಿಸಿ ಇಡಿ. ಸಿಂಕ್ ತಂತ್ರಾಂಶಕ್ಕೆ ಕೈಗೆಟುಕದ ಆ ಒಂದು ಪ್ರತಿ ಇದ್ದರೆ ಉಳಿದ ದೋಷಗಳನ್ನು ನಿಧಾನವಾಗಿ ಹುಡುಕಬಹುದು. ಇಂದೇ ನಿಮ್ಮ ಸಿಂಕ್ ಫೋಲ್ಡರನ್ನು ತೆರೆದು, ಜಾಲತಾಣದ ಪ್ರತಿಯೊಡನೆ ಒಂದು ಫೈಲನ್ನಾದರೂ ತಾಳೆ ನೋಡಿ.