ಠಾಣೆಯ ಕಾಗದ ಮತ್ತು ಅರ್ಜಿ ಮೇಷ್ಟ್ರು

ಹುಣಸೂರಿನ ತಾಲ್ಲೂಕು ಕಚೇರಿಯ ಸುತ್ತಮುತ್ತ ಅರ್ಜಿ ಬರೆದುಕೊಡುವವರು ಈಗ ಬೆರಳೆಣಿಕೆಯಷ್ಟು. ಅವರಲ್ಲಿ ಒಬ್ಬರನ್ನು ಜನ ‘ಅರ್ಜಿ ಮೇಷ್ಟ್ರು’ ಎನ್ನುತ್ತಾರೆ. ಖಾತೆ, ಪೋಡಿ, ವಿಧವಾ ವೇತನದ ಅರ್ಜಿಗಳನ್ನು ಎಲ್ಲರೂ ಬರೆಯುತ್ತಾರೆ. ಮೇಷ್ಟ್ರನ್ನು ಹುಡುಕಿಕೊಂಡು ಬರುವವರಿಗೆ ಬೇಕಾದದ್ದು ಪೊಲೀಸ್ ಠಾಣೆಯ ಕಾಗದ. ನಾಲ್ಕು ತಾಲ್ಲೂಕುಗಳಿಂದ ಬರುತ್ತಾರೆ. ಬೈಲಕುಪ್ಪೆ ಕಡೆ ಹೆದ್ದಾರಿಯಲ್ಲಿ ಮಗನನ್ನು ಕಳೆದುಕೊಂಡವರು, ಕೆ.ಆರ್.ನಗರದಲ್ಲಿ ಪಂಪ್‌ಸೆಟ್ ಕಳವಾದ ಭತ್ತದ ರೈತರು, ಎಚ್.ಡಿ.ಕೋಟೆ ಕಾಡಂಚಿನಲ್ಲಿ ಆನೆ ತುಳಿತಕ್ಕೆ ಸಿಕ್ಕವರ ಮನೆಯವರು. ಠಾಣೆಯಲ್ಲಿ ದೂರು ಕೊಟ್ಟು ಬಂದಿರುತ್ತಾರೆ, ಕೈಯಲ್ಲಿ ಮಾತ್ರ ಒಂದು ಚೀಟಿಯೂ ಇರುವುದಿಲ್ಲ.

ಮೇಷ್ಟ್ರು ಪೆನ್ನು ತೆಗೆಯುವ ಮೊದಲು ಕೇಳುತ್ತಾರೆ: “ಯಾವ ಠಾಣೆ ಅವ್ವ? ಕ್ರೈಂ ನಂಬರ್ ಗೊತ್ತಾ? ಕಾಗ್ದ ಯಾತಕ್ಕೆ ಬೇಕು?” ಮೊದಲನೆಯ ಪ್ರಶ್ನೆಗೇ ಅರ್ಧ ಜನ ತಡವರಿಸುತ್ತಾರೆ. ಹುಣಸೂರು ರಸ್ತೆಯಲ್ಲಿ ಆದ ಅಪಘಾತ ಬಿಳಿಕೆರೆ ಠಾಣೆಯದ್ದಾಗಿರಬಹುದು. ಪಿರಿಯಾಪಟ್ಟಣದ್ದು ಎಂದುಕೊಂಡದ್ದು ಬೆಟ್ಟದಪುರಕ್ಕೋ ಬೈಲಕುಪ್ಪೆಗೋ ಸೇರಿರಬಹುದು. ಕೆ.ಆರ್.ನಗರದ ಆಚೆ ಸಾಲಿಗ್ರಾಮವಿದೆ, ಕೋಟೆಯ ಆಚೆ ಸರಗೂರು, ಅಂತರಸಂತೆ. ಊರಿನ ಹೆಸರು ಕೇಳಿದರೆ ಸಾಕು, ಅದು ಯಾವ ಠಾಣೆಯ ಸರಹದ್ದು ಎಂದು ಮೇಷ್ಟ್ರು ಹೇಳಿಬಿಡುತ್ತಾರೆ. ಈ ನಕ್ಷೆ ಎಲ್ಲೂ ಬರೆದಿಟ್ಟದ್ದಲ್ಲ, ವರ್ಷಗಟ್ಟಲೆ ಜನರ ತೊಂದರೆ ಕೇಳಿಸಿಕೊಂಡು ತಲೆಯಲ್ಲಿ ಕೂತದ್ದು.

ಮೂರನೆಯ ಪ್ರಶ್ನೆಗೆ ಸಿಗುವ ಉತ್ತರದ ಮೇಲೆ ದಾರಿ ಬದಲಾಗುತ್ತದೆ. ದೂರು ಕೊಟ್ಟವರೇ ಎಫ್‌ಐಆರ್ ಕೇಳುತ್ತಿದ್ದರೆ ಮಾಹಿತಿ ಹಕ್ಕಿನ ಅರ್ಜಿಯೇ ಬೇಡ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಪ್ರತಿಯನ್ನು ಅವರಿಗೆ ಉಚಿತವಾಗಿ ಕೊಡಲೇಬೇಕು. ಹಳೆಯ ಕಾನೂನಿನಲ್ಲೂ ಈ ಮಾತಿತ್ತು, ಹೊಸದರಲ್ಲಿ ದೂರುದಾರರ ಜೊತೆಗೆ ಸಂತ್ರಸ್ತರ ಹೆಸರೂ ಸೇರಿದೆ. ತನಿಖೆ ಎಲ್ಲಿಗೆ ಬಂತು ಎಂಬುದನ್ನು 90 ದಿನಗಳೊಳಗೆ ತಿಳಿಸಬೇಕು ಎಂಬ ಮಾತೂ 193ನೇ ಕಲಮಿನಲ್ಲಿದೆ. ಇದನ್ನು ಬಲ್ಲವರು ಬಹಳ ಕಡಿಮೆ. ಮೇಷ್ಟ್ರು ಅಂಥವರ ಹತ್ತಿರ ದುಡ್ಡು ತೆಗೆದುಕೊಳ್ಳದೆ, ಒಂದು ಹಾಳೆಯಲ್ಲಿ ಕಲಂ ನಂಬರ್ ಬರೆದುಕೊಟ್ಟು “ಇದನ್ನ ತೋರ್ಸಿ ಕೇಳಿ” ಎಂದು ಕಳಿಸುತ್ತಾರೆ.

ಎಫ್‌ಐಆರ್ ಅಷ್ಟೇ ಸಾಕು ಎನ್ನುವವರಿಗೆ ಇನ್ನೊಂದು ದಾರಿಯಿದೆ. ಯೂತ್ ಬಾರ್ ಅಸೋಸಿಯೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರ ಸೆಪ್ಟೆಂಬರ್ 7ರಂದು ಕೊಟ್ಟ ಆದೇಶದಂತೆ, ದಾಖಲಾದ 24 ಗಂಟೆಗಳೊಳಗೆ ಎಫ್‌ಐಆರ್ ಪೊಲೀಸ್ ಇಲಾಖೆಯ ಜಾಲತಾಣದಲ್ಲಿ ಕಾಣಬೇಕು. ಸಂಪರ್ಕ ಸರಿಯಿಲ್ಲದ ಕಡೆ ಹೆಚ್ಚೆಂದರೆ 72 ಗಂಟೆ. ಲೈಂಗಿಕ ಅಪರಾಧ, ಪೋಕ್ಸೊ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿ ಇದೆ. ಕರ್ನಾಟಕ ಪೊಲೀಸರ ಜಾಲತಾಣದಲ್ಲಿ ಜಿಲ್ಲೆ, ಠಾಣೆ, ವರ್ಷ, ನಂಬರ್ ಕೊಟ್ಟು ಹುಡುಕಬಹುದು. ಪಕ್ಕದ ಸೈಬರ್ ಸೆಂಟರಿನ ಹುಡುಗ ಇದನ್ನು ಐದು ನಿಮಿಷದಲ್ಲಿ ತೆಗೆದುಕೊಡುತ್ತಾನೆ.

ಮೇಷ್ಟ್ರ ನಿಜವಾದ ವಿದ್ಯೆ ಶುರುವಾಗುವುದು ಎಫ್‌ಐಆರ್ ದಾಟಿದ ಮೇಲೆ. ಸ್ಥಳ ಮಹಜರು, ಠಾಣಾ ದಿನಚರಿಯ ನಮೂದು, ಅರ್ಜಿ ವಿಚಾರಣೆ ಮಾಡಿ ಕೊಟ್ಟ ಹಿಂಬರಹ, ಅಸಹಜ ಸಾವಿನ ಯುಡಿಆರ್ ಕಡತ, ಮುಗಿದುಹೋದ ಪ್ರಕರಣದ ‘ಬಿ ರಿಪೋರ್ಟ್’. ಇವನ್ನು ಕೇಳಲು 2005ರ ಮಾಹಿತಿ ಹಕ್ಕು ಕಾಯ್ದೆ. ಕರ್ನಾಟಕಕ್ಕೆ 2000ದಲ್ಲೇ ತನ್ನದೊಂದು ಮಾಹಿತಿ ಕಾನೂನಿತ್ತು. ಕೇಂದ್ರದ ಕಾಯ್ದೆ 2005ರ ಅಕ್ಟೋಬರ್ 12ರಂದು ಪೂರ್ಣವಾಗಿ ಜಾರಿಯಾದಾಗ ಜಮ್ಮು-ಕಾಶ್ಮೀರ ಬಿಟ್ಟು ದೇಶಕ್ಕೆಲ್ಲ ಒಂದೇ ಕಾನೂನಾಯಿತು. ಅದಕ್ಕೂ ಮೊದಲು ಠಾಣೆಯ ಕಾಗದ ಬೇಕಾದರೆ ವಕೀಲರನ್ನು ಹಿಡಿದು ಕೋರ್ಟಿನ ನಕಲು ಶಾಖೆಗೆ ಹೋಗಬೇಕಿತ್ತು, ಇಲ್ಲವೇ ಊರಿನ ದೊಡ್ಡವರ ಶಿಫಾರಸು ಬೇಕಿತ್ತು ಎನ್ನುತ್ತಾರೆ ಮೇಷ್ಟ್ರು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್‌ಗೆ ಅಷ್ಟು ಶಕ್ತಿ ಬಂದದ್ದನ್ನು ಅವರು ಇಂದಿಗೂ ಬೆರಗಿನಿಂದಲೇ ಹೇಳುತ್ತಾರೆ.

ರಾಜ್ಯದ ನಿಯಮಗಳಿಗೆ 2008ರಲ್ಲಿ ಒಂದು ತಿದ್ದುಪಡಿ ಬಂತು: ಅರ್ಜಿ ಒಂದೇ ವಿಷಯದ ಬಗ್ಗೆ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಕಷ್ಟ ಹೇಳಿಕೊಳ್ಳಲು ಬಂದವರಿಗೆ 150 ಪದ ಯಾವ ಮೂಲೆಗೆ? ಮಗ ಸತ್ತ ದಿನ ಮಳೆ ಬರುತ್ತಿತ್ತು ಎಂಬಲ್ಲಿಂದ ಅವರ ಮಾತು ಶುರುವಾಗುತ್ತದೆ. ಮೇಷ್ಟ್ರು ತಡೆಯುವುದಿಲ್ಲ, ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಆಮೇಲೆ ಮಳೆಯನ್ನೂ ಅಳುವನ್ನೂ ಬದಿಗಿಟ್ಟು ದಿನಾಂಕ, ಸ್ಥಳ, ವಾಹನದ ನಂಬರ್, ಕ್ರೈಂ ನಂಬರ್, ಬೇಕಾದ ಕಾಗದಗಳ ಹೆಸರು ಇಷ್ಟನ್ನೇ ಬರೆಯುತ್ತಾರೆ. ಬರೆದ ಮೇಲೆ ಪೆನ್ಸಿಲಿನ ತುದಿಯಿಂದ ಒಂದೊಂದು ಪದವನ್ನೂ ಮುಟ್ಟಿ ಎಣಿಸುತ್ತಾರೆ. ಪದ ಜಾಸ್ತಿಯಾದರೆ ಎರಡನ್ನು ಸಮಾಸ ಮಾಡಿ ಒಂದಾಗಿಸುತ್ತಾರೆ. ಅಕ್ಕಸಾಲಿ ಚಿನ್ನದ ಪುಡಿ ತೂಗುವಷ್ಟು ಹುಷಾರು ಆ ಎಣಿಕೆಯಲ್ಲಿ. ನಾನು ಹುಣಸೂರಿಗೆ ಹೋದದ್ದೇ ಇದನ್ನು ನೋಡಲು.

ಅವರ ಅರ್ಜಿಗಳಲ್ಲಿ ‘ಏಕೆ’ ಎಂಬ ಪ್ರಶ್ನೆ ಇರುವುದಿಲ್ಲ. “ನನ್ನ ದೂರಿನ ಮೇಲೆ ಏಕೆ ಕ್ರಮ ಕೈಗೊಂಡಿಲ್ಲ” ಎಂದು ಕೇಳಿದರೆ, ಇದು ಮಾಹಿತಿಯ ವ್ಯಾಖ್ಯೆಗೆ ಬರುವುದಿಲ್ಲ ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಕಾಯ್ದೆ ಕೊಡಿಸುವುದು ಕಡತದಲ್ಲಿ ಇರುವುದನ್ನು ಮಾತ್ರ. ಆದ್ದರಿಂದ ಮೇಷ್ಟ್ರು ಅದನ್ನೇ ತಿರುಗಿಸಿ ಬರೆಯುತ್ತಾರೆ: ಇಂಥ ದಿನ ಕೊಟ್ಟ ದೂರಿನ ಮೇಲೆ ಕೈಗೊಂಡ ಕ್ರಮಕ್ಕೆ ಸಂಬಂಧಿಸಿದ ಎಲ್ಲ ಪುಟಗಳ, ಟಿಪ್ಪಣಿ ಹಾಳೆ ಸಹಿತ, ದೃಢೀಕೃತ ನಕಲು. ಕ್ರಮ ಆಗಿದ್ದರೆ ಪುಟಗಳು ಬರುತ್ತವೆ. ಆಗಿಲ್ಲದಿದ್ದರೆ, ಪುಟಗಳಿಲ್ಲ ಎಂದು ಅಧಿಕಾರಿಯೇ ಸಹಿ ಹಾಕಿ ತಿಳಿಸಬೇಕಾಗುತ್ತದೆ. ಮಾಹಿತಿ ಯಾತಕ್ಕೆ ಬೇಕು ಎಂದು ಅರ್ಜಿಯಲ್ಲಿ ಬರೆಯುವ ಅಗತ್ಯವಿಲ್ಲ, ಕಾಯ್ದೆಯೇ ಹಾಗೆ ಹೇಳುತ್ತದೆ. ಮೇಷ್ಟ್ರು ಬಾಯಲ್ಲಿ ಕೇಳಿ ತಿಳಿದುಕೊಳ್ಳುತ್ತಾರೆ, ಕಾಗದಕ್ಕೆ ಇಳಿಸುವುದಿಲ್ಲ.

ಮುಂದಿನದು ಸಲೀಸು. ‘ಸಾರ್ವಜನಿಕ ಮಾಹಿತಿ ಅಧಿಕಾರಿ’ ಎಂದು ವಿಳಾಸ, ಸ್ಪೀಡ್ ಪೋಸ್ಟ್, ರಸೀದಿ ಜೋಪಾನ. ಅರ್ಜಿ ತಪ್ಪು ಕಚೇರಿಗೆ ಹೋದರೂ ಐದು ದಿನಗಳೊಳಗೆ ಅವರೇ ಸರಿಯಾದ ಕಡೆಗೆ ಕಳಿಸಬೇಕು. ಉತ್ತರಕ್ಕೆ 30 ದಿನ, ಜೀವ ಅಥವಾ ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆ. ನಕಲಿಗೆ ಪುಟಕ್ಕೆ ಎರಡು ರೂಪಾಯಿ. ಉತ್ತರ ಬಾರದಿದ್ದರೆ 30 ದಿನಗಳೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನಗಳೊಳಗೆ ಬೆಂಗಳೂರಿನ ಮಾಹಿತಿ ಆಯೋಗ. ಆಯೋಗದ ಮಾಹಿತಿ ಸೌಧ ಇರುವುದು ದೇವರಾಜ ಅರಸು ರಸ್ತೆಯಲ್ಲಿ. ಇದೇ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಅರಸು ಅವರ ಹೆಸರಿನ ರಸ್ತೆ ಎಂದು ಹೇಳುವಾಗ ಮೇಷ್ಟ್ರ ದನಿಯಲ್ಲಿ ಸ್ವಂತ ಮನೆಯ ವಿಳಾಸ ಹೇಳುವ ಸಲಿಗೆ ಇರುತ್ತದೆ.

ಪೊಲೀಸರಿಂದ ಹೆಚ್ಚಾಗಿ ಬರುವ ನಿರಾಕರಣೆ ‘ತನಿಖೆಯಲ್ಲಿದೆ’ ಎಂಬುದು. ಕಾಯ್ದೆಯ 8(1)(ಎಚ್) ಕಲಂ ತನಿಖೆಗೆ ಅಡ್ಡಿಯಾಗುವ ಮಾಹಿತಿಯನ್ನು ತಡೆಹಿಡಿಯಲು ಅವಕಾಶ ಕೊಟ್ಟಿದೆ, ಅದು ನ್ಯಾಯವೂ ಹೌದು. ಸಾಕ್ಷಿಗಳ ಹೆಸರು ಬಯಲಾದರೆ ಅವರ ಗತಿ ಏನು? ಆದರೆ ತನಿಖೆ ನಡೆಯುತ್ತಿದೆ ಎಂಬುದೊಂದೇ ಕಾರಣ ಸಾಲದು, ಕೊಟ್ಟರೆ ಅದಕ್ಕೆ ಹೇಗೆ ಅಡ್ಡಿಯಾಗುತ್ತದೆ ಎಂದು ಹೇಳಬೇಕು ಎಂದು ಭಗತ್ ಸಿಂಗ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2007ರಲ್ಲೇ ಹೇಳಿದೆ. ಒಂದು ಭಾಗ ಕೊಡಲಾಗದ್ದಾದರೆ ಅದನ್ನು ಮುಚ್ಚಿ ಉಳಿದದ್ದನ್ನು ಕೊಡಬೇಕು ಎನ್ನುತ್ತದೆ 10ನೇ ಕಲಂ. ಮೇಷ್ಟ್ರ ಮೇಲ್ಮನವಿಗಳಲ್ಲಿ ಇವೆರಡು ಮಾತು ತಪ್ಪದೆ ಇರುತ್ತವೆ.

ಇಷ್ಟೆಲ್ಲ ಪಾಡು ಒಂದು ಕಾಗದಕ್ಕೆ ಬೇಕೇ ಎನ್ನುವವರಿಗೆ ಈ ಭಾಗದ ಜನ ಬೆಟ್ಟದಪುರದ ಪ್ರಕರಣ ನೆನಪಿಸುತ್ತಾರೆ. ಕೊಡಗಿನ ಕುಶಾಲನಗರ ಕಡೆಯ ಆದಿವಾಸಿ ಕೂಲಿಕಾರರೊಬ್ಬರು ಹೆಂಡತಿ ಕಾಣೆಯಾಗಿದ್ದಾಳೆ ಎಂದು ದೂರು ಕೊಟ್ಟಿದ್ದರು. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ ಠಾಣೆ ವ್ಯಾಪ್ತಿಯಲ್ಲಿ ಸಿಕ್ಕ ಅಸ್ಥಿಪಂಜರ ಆಕೆಯದೇ ಎಂದಾಯಿತು, ಗಂಡನೇ ಕೊಲೆಗಾರನೆಂದು ಜೈಲಿಗೆ ಹೋದರು. ಒಂದೂವರೆ ವರ್ಷದಷ್ಟು ಕಾಲ ಒಳಗಿದ್ದರು. ಮೂಳೆಯ ಡಿಎನ್‌ಎ ತಾಳೆಯಾಗುವುದಿಲ್ಲ ಎಂಬ ವರದಿ ಬಂದ ಮೇಲೂ ಆರೋಪ ಹಾಗೇ ಉಳಿಯಿತು. 2025ರ ಏಪ್ರಿಲ್ 1ರಂದು ಆಕೆ ಮಡಿಕೇರಿಯ ಹೋಟೆಲೊಂದರಲ್ಲಿ ಜೀವಂತ ಕಂಡರು. ಅದೇ ತಿಂಗಳು ಮೈಸೂರಿನ ಸೆಷನ್ಸ್ ನ್ಯಾಯಾಲಯ ಗಂಡನನ್ನು ಖುಲಾಸೆ ಮಾಡಿ, ಒಂದು ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಕಡತದ ಒಳಗೇ ಸತ್ಯ ಹೇಳುವ ಒಂದು ಹಾಳೆ ಇತ್ತು. ಆ ಕುಟುಂಬಕ್ಕೆ ಅದನ್ನು ಮೊದಲೇ ಓದಿ ಹೇಳುವವರು ಬೇಕಿತ್ತು.

ಕೋಟೆಯ ಹಾಡಿಗಳಿಂದ ಬರುವವರ ವಿಷಯ ಬಂದಾಗ ಮೇಷ್ಟ್ರ ಮುಖ ಬಾಡುತ್ತದೆ. ಕಾಡುಪ್ರಾಣಿಯಿಂದ ಸಾವಾದರೆ ಅರಣ್ಯ ಇಲಾಖೆಯ ಪರಿಹಾರಕ್ಕೆ ಪೊಲೀಸರ ಯುಡಿಆರ್, ಶವಪರೀಕ್ಷೆಯ ವರದಿ ಎಲ್ಲ ಜೋಡಿಸಬೇಕು. ರಸ್ತೆ ಅಪಘಾತಕ್ಕೂ ಹಾಗೆಯೇ, ಜೊತೆಗೆ ಪರಿಹಾರದ ದಾವೆಗೆ ಕಾನೂನಿನಲ್ಲಿ ಆರು ತಿಂಗಳ ಗಡುವು. ಅದು ಮೀರುವ ಹೊತ್ತಿಗೆ ಮೇಷ್ಟ್ರ ಹತ್ತಿರ ಬರುವವರೂ ಇದ್ದಾರೆ. ಮಾಹಿತಿ ಹಕ್ಕಿನ ಕಾಯ್ದೆ ಒಳ್ಳೆಯದೇ ಇದೆ. ಬರೆಯಲು ಬಾರದವರು ಬಾಯಲ್ಲಿ ಕೇಳಿದರೆ ಮಾಹಿತಿ ಅಧಿಕಾರಿಯೇ ಅದನ್ನು ಬರಹಕ್ಕಿಳಿಸಲು ನೆರವಾಗಬೇಕು ಎಂದು 6ನೇ ಕಲಮಿನಲ್ಲೇ ಇದೆ. ಠಾಣೆಯ ಬಾಗಿಲಲ್ಲಿ ಈ ಒಂದು ಸಾಲನ್ನು ದೊಡ್ಡ ಅಕ್ಷರದಲ್ಲಿ ಬರೆಸಿದರೆ ನನ್ನಂಥವರು ಬೇಕಾಗುವುದಿಲ್ಲ ಎನ್ನುತ್ತಾರೆ ಅವರು. ಅದಕ್ಕೆ ನನ್ನದೊಂದು ಮಾತು ಸೇರಿಸುವುದಾದರೆ: ಓದಿಹೇಳಲು ಒಬ್ಬ ಸಿಬ್ಬಂದಿಯೂ ಅಲ್ಲಿ ಇರಬೇಕು.

ಸರ್ಕಾರದ ಆನ್‌ಲೈನ್ ಜಾಲತಾಣದಲ್ಲೇ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದಾದ ಮೇಲೆ ಮೇಷ್ಟ್ರ ಗಿರಾಕಿಗಳು ಕಡಿಮೆಯಾಗಿದ್ದಾರೆ. ವೈಯಕ್ತಿಕ ದತ್ತಾಂಶ ಸಂರಕ್ಷಣೆಯ 2023ರ ಕಾಯ್ದೆ ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನು ಬದಲಿಸಿದ ಮೇಲೆ ‘ವೈಯಕ್ತಿಕ ಮಾಹಿತಿ’ ಎಂಬ ಉತ್ತರ ಹೆಚ್ಚಬಹುದು ಎಂಬ ಚಿಂತೆಯೂ ಅವರಿಗಿದೆ. ಸೈಬರ್ ಸೆಂಟರಿನ ಹುಡುಗನಿಗೆ ವಿದ್ಯೆ ಕಲಿಸಲು ನೋಡಿದರಂತೆ. ಅವನು ಟೈಪ್ ಮಾಡುವುದು ಬೇಗ, ಬಂದವರ ಮಾತು ಕೇಳಿಸಿಕೊಳ್ಳಲು ಅವನಿಗೆ ಪುರಸೊತ್ತಿಲ್ಲ, ಹಿಂದೆ ಸಾಲು ನಿಂತಿರುತ್ತದೆ. ಕಳೆದ ಸಂತೆಯ ದಿನ ಪಿರಿಯಾಪಟ್ಟಣದಿಂದ ಬಂದ ಹೆಂಗಸೊಬ್ಬರ ಅರ್ಜಿಯನ್ನು ಹಿಂದೆ ಅವನೇ ಹಾಕಿಕೊಟ್ಟಿದ್ದ. ಅದರಲ್ಲಿ ಕ್ರೈಂ ನಂಬರ್ ಇರಲಿಲ್ಲ, ‘ಏಕೆ’ ಎಂಬುದು ಮೂರು ಕಡೆ ಇತ್ತು. ಉತ್ತರ ಬಂದ ಮೇಲೆ ಆಕೆ ಅದನ್ನು ಹಿಡಿದು ಮೇಷ್ಟ್ರ ಹತ್ತಿರ ಬಂದರು. ಮೇಲ್ಮನವಿಗೆ ಇನ್ನೂ ಹನ್ನೊಂದು ದಿನ ಉಳಿದಿತ್ತು.