ರಾತ್ರಿ ನೆನೆಸಿಟ್ಟ ಓಟ್ಸ್‌ಗೆ ಶ್ರೀಖಂಡ, ಹುಗ್ಗಿ ರುಚಿ: ಸಿಹಿ ಎಷ್ಟು ಹಾಕಬೇಕು, ಫ್ರಿಜ್ ಇಲ್ಲದವರು ಏನು ಮಾಡಬೇಕು?

ಚಿಕ್ಕೋಡಿ: ಹಬ್ಬಕ್ಕೆ ಮಾಡುವ ಶ್ರೀಖಂಡ, ಗೋಧಿ ಹುಗ್ಗಿ, ಶೇಂಗಾ ಹೋಳಿಗೆಯ ರುಚಿಯನ್ನು ದಿನಾ ಮುಂಜಾನೆ ನಾಷ್ಟಾದಲ್ಲೇ ತಿನ್ನಬಹುದು. ರಾತ್ರಿ ಓಟ್ಸ್ ಹಾಲಿನಲ್ಲಿ ನೆನೆಸಿಟ್ಟರೆ ಆಯ್ತು, ಮುಂಜಾನೆ ಗ್ಯಾಸ್ ಹಚ್ಚುವ ಕೆಲಸ ಇಲ್ಲ. ಮೊಬೈಲ್‌ನಲ್ಲಿ ಇಂಥ ವಿಡಿಯೋ ನೋಡಿ ಮನೆಯಲ್ಲಿ ಮಾಡಿ ನೋಡುವವರು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲೂ ಇದ್ದಾರೆ. ಕಿರಾಣಿ ಅಂಗಡಿಗಳಲ್ಲಿ ಓಟ್ಸ್ ಪಾಕೀಟು ಸಿಗುತ್ತದೆ.

ಆದರೆ ಎರಡು ಪ್ರಶ್ನೆಗೆ ಉತ್ತರ ಗೊತ್ತಿರಬೇಕು. ಒಂದು, ಸಿಹಿ ಎಷ್ಟು ಹಾಕಬೇಕು? ಎರಡು, ಫ್ರಿಜ್ ಇಲ್ಲದಿದ್ದರೆ ಏನು ಮಾಡಬೇಕು? ಬೆಲ್ಲ-ಸಕ್ಕರೆಗೆ ಕಡಿಮೆ ಇಲ್ಲದ ಕಬ್ಬಿನ ಸೀಮೆಗೆ, 40 ಡಿಗ್ರಿ ಸಮೀಪ ಹೋಗುವ ಬೇಸಿಗೆಗೆ ಈ ಎರಡೇ ಮುಖ್ಯ.

ಬೇಯಿಸದೇ ತಿಂದ್ರ ನಡೀತದಾ?

ನಡೆಯುತ್ತದೆ. ಕಾರ್ಖಾನೆಯಲ್ಲಿ ಓಟ್ಸ್ ಕಾಳಿನ ಹೊಟ್ಟು ತೆಗೆದು, ಉಗಿ ಕೊಟ್ಟು, ರೋಲರ್ ನಡುವೆ ಒತ್ತಿ ಚಪ್ಪಟೆ ಮಾಡಿ ಒಣಗಿಸಿರುತ್ತಾರೆ. ಅವಲಕ್ಕಿಯಂತೆ ಇದೂ ಒಮ್ಮೆ ಶಾಖ ಕಂಡ ಪದಾರ್ಥ. ಮೊಸರವಲಕ್ಕಿ ಹೇಗೋ ಇದೂ ಹಾಗೆ. ಆದರೆ ಗೋಧಿ ನುಚ್ಚು, ಜೋಳದ ನುಚ್ಚು ಅಥವಾ ಹಸಿ ಹಿಟ್ಟನ್ನು ಇದೇ ರೀತಿ ನೆನೆಸಿ ತಿನ್ನಬಾರದು, ಅವನ್ನು ಬೇಯಿಸಲೇಬೇಕು.

ಓಟ್ಸ್ ನೆನೆಸಿ ತಿನ್ನುವ ಪದ್ಧತಿ ಹಳೆಯದು. ಸ್ವಿಟ್ಜರ್ಲೆಂಡಿನ ಜ್ಯೂರಿಚ್‌ನಲ್ಲಿದ್ದ ವೈದ್ಯ ಮ್ಯಾಕ್ಸಿಮಿಲಿಯನ್ ಬಿರ್ಷರ್-ಬೆನ್ನರ್ 1900ರ ಸುಮಾರಿಗೆ ತಮ್ಮ ರೋಗಿಗಳಿಗೆ ಇದನ್ನು ಕೊಡುತ್ತಿದ್ದರು. ಅವರ ಬಟ್ಟಲಿನಲ್ಲಿ ಓಟ್ಸ್ ಒಂದೇ ಚಮಚ, ಸೇಬು ಹಣ್ಣಿನ ತುರಿಯೇ ಹೆಚ್ಚು. ರಾತ್ರಿ ನೆನೆಹಾಕುವುದು ನಮ್ಮ ಕಡೆಗೂ ಹೊಸದಲ್ಲ. ಹುಗ್ಗಿಗೆ ಕುಟ್ಟಿದ ಗೋಧಿಯನ್ನು ಹಿಂದಿನ ದಿನವೇ ನೆನೆಹಾಕುತ್ತಾರೆ.

ಯಾವ ಪಾಕೀಟು ತಗೋಬೇಕು?

ಪಾಕೀಟಿನ ಮೇಲೆ ‘ರೋಲ್ಡ್ ಓಟ್ಸ್’ ಎಂದಿದ್ದರೆ ಎಸಳು ದಪ್ಪ ಇರುತ್ತದೆ. ನೆನೆಯಲು 6ರಿಂದ 8 ತಾಸು ಬೇಕು. ರಾತ್ರಿ ನೆನೆಸಲು ಇದೇ ಸರಿ. ‘ಕ್ವಿಕ್’ ಅಥವಾ ‘ಇನ್‌ಸ್ಟಂಟ್’ ಎಂದಿದ್ದರೆ ಎಸಳು ತೆಳು, 2-3 ತಾಸಿಗೇ ನೆನೆಯುತ್ತದೆ. ಅದನ್ನು ರಾತ್ರಿಯಿಡೀ ಇಟ್ಟರೆ ಗಂಜಿಯಂತೆ ಆಗುತ್ತದೆ, ಕೆಟ್ಟಿದೆ ಅಂತ ಅರ್ಥ ಅಲ್ಲ. ಮಸಾಲಾ ಓಟ್ಸ್ ಇದಕ್ಕೆ ಬೇಡ, ಅದರಲ್ಲಿ ಉಪ್ಪು-ಖಾರ ಇರುತ್ತದೆ.

ಒಬ್ಬರಿಗೆ ಅಳತೆ

ಓಟ್ಸ್ 40 ಗ್ರಾಂ, ಅಂದರೆ 200 ಮಿ.ಲೀ. ಲೋಟದಲ್ಲಿ ಸುಮಾರು ಅರ್ಧ ಲೋಟ. ಕಾಸಿ ಆರಿಸಿದ ಹಾಲು 100 ಮಿ.ಲೀ. ಮೊಸರು 2 ದೊಡ್ಡ ಚಮಚ. ಇಷ್ಟನ್ನು ಸ್ಟೀಲ್ ಡಬ್ಬಿಯಲ್ಲಿ ಕಲಸಿ, ಮುಚ್ಚಳ ಹಾಕಿ ಫ್ರಿಜ್‌ನಲ್ಲಿ ಇಡಬೇಕು. ವಿಡಿಯೋದಲ್ಲಿ ಹೇಳುವ ಚಿಯಾ ಬೀಜ ಸಿಗದಿದ್ದರೆ ಫಾಲೂದಾಕ್ಕೆ ಹಾಕುವ ಸಬ್ಜಾ ಒಂದು ಸಣ್ಣ ಚಮಚ ಸಾಕು. ಸಬ್ಜಾ ನೀರು ಎಳೆಯುವುದರಿಂದ ಹಾಲು ಇನ್ನೊಂದು 50 ಮಿ.ಲೀ. ಹೆಚ್ಚಿಗೆ ಹಾಕಬೇಕು.

ಇದಕ್ಕೆ ನಮ್ಮ ಕಡೆಯ ರುಚಿ ಹೀಗೆ ಕೊಡಬಹುದು:

ಶ್ರೀಖಂಡ: ಮೊಸರಿನ ಬದಲು ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಚಕ್ಕಾ 3 ದೊಡ್ಡ ಚಮಚ, ಏಲಕ್ಕಿ ಪುಡಿ, ನಾಲ್ಕು ಎಸಳು ಕೇಸರಿ. ಅಂಗಡಿಯ ಶ್ರೀಖಂಡ ಹಾಕಿದರೆ ಅದರಲ್ಲೇ ಸಕ್ಕರೆ ಇರುತ್ತದೆ, ಮತ್ತೆ ಹಾಕುವುದು ಬೇಡ.

ಗೋಧಿ ಹುಗ್ಗಿ: ಹುರಿದ ಗಸಗಸೆ ಒಂದು ಸಣ್ಣ ಚಮಚ, ಒಣ ಕೊಬ್ಬರಿ ತುರಿ, ಏಲಕ್ಕಿ, ಚೂರು ಜಾಜಿಕಾಯಿ. ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಮುಂಜಾನೆ ಹಾಕಬೇಕು. ಬಿಸಿ ಹಾಲಿಗೆ ಬೆಲ್ಲ ಹಾಕಿದರೆ ಹಾಲು ಒಡೆಯುವುದು ಮನೆಯವರಿಗೆ ಗೊತ್ತೇ ಇದೆ.

ಶೇಂಗಾ ಹೋಳಿಗೆ: ಹುರಿದ ಶೇಂಗಾ ಪುಡಿ 2 ದೊಡ್ಡ ಚಮಚ, ಹುರಿದ ಎಳ್ಳು ಒಂದು ಸಣ್ಣ ಚಮಚ. ಹೊಟ್ಟೆ ತುಂಬಿದಂತೆ ಅನಿಸುವುದು ಇದರಲ್ಲೇ ಹೆಚ್ಚು. ಶೇಂಗಾದ ತೂಕದಲ್ಲಿ ನಾಲ್ಕನೇ ಒಂದು ಭಾಗ ಪ್ರೋಟೀನ್ ಇರುತ್ತದೆ.

ಗೋಕಾಕ ಕರದಂಟು: ಹೆಚ್ಚಿದ ಉತ್ತತ್ತಿ 2, ಅಂಜೂರ 1, ಒಣದ್ರಾಕ್ಷಿ 8-10, ನಾಲ್ಕು ಗೋಡಂಬಿ. ಇವನ್ನು ರಾತ್ರಿಯೇ ಓಟ್ಸ್ ಜೊತೆ ನೆನೆಸಬೇಕು. ಹಣ್ಣಿನ ಸಿಹಿ ಹಾಲಿಗೆ ಇಳಿಯುವುದರಿಂದ ಬೆಲ್ಲ ಬೇಕಾಗುವುದಿಲ್ಲ. ಅಥಣಿಯ ಪೂರ್ವ ಭಾಗದಲ್ಲಿ ದ್ರಾಕ್ಷಿ ಬೆಳೆಯುತ್ತಾರೆ, ಪಕ್ಕದ ಸಾಂಗ್ಲಿ ಒಣದ್ರಾಕ್ಷಿಯ ದೊಡ್ಡ ಮಾರುಕಟ್ಟೆ. ಹೀಗಾಗಿ ಒಳ್ಳೆ ಮಾಲು ದೂರದಿಂದ ತರಿಸಬೇಕಾಗಿಲ್ಲ.

ಸೀಕರಣಿ: ಮಾವಿನಹಣ್ಣು ಅಥವಾ ಬಾಳೆಹಣ್ಣು. ಹಣ್ಣನ್ನು ಮುಂಜಾನೆಯೇ ಹೆಚ್ಚಿ ಹಾಕಬೇಕು. ಬಾಳೆಹಣ್ಣು ರಾತ್ರಿ ಹಾಕಿದರೆ ಕಪ್ಪಾಗುತ್ತದೆ. ಹಸಿ ಅನಾನಸ್ ಅನ್ನು ಹಾಲಿನಲ್ಲಿ ರಾತ್ರಿಯಿಡೀ ಬಿಟ್ಟರೆ ಕಹಿ ಬರುತ್ತದೆ.

‘ಬೆಲ್ಲ ಅಲ್ಲಾ, ನಡೀತದ’ ಅನ್ನೋ ಲೆಕ್ಕ ತಪ್ಪು

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಪ್ರಕಾರ, ದಿನದ ಶಕ್ತಿಯಲ್ಲಿ ಹೆಚ್ಚುವರಿ ಸಕ್ಕರೆಯ ಪಾಲು ಶೇ 10ಕ್ಕಿಂತ ಕಡಿಮೆ ಇರಬೇಕು. ಶೇ 5ಕ್ಕಿಂತ ಕಡಿಮೆ ಇದ್ದರೆ ಇನ್ನೂ ಒಳ್ಳೆಯದು. ದೊಡ್ಡವರಿಗೆ ಶೇ 5 ಅಂದರೆ ದಿನಕ್ಕೆ ಸುಮಾರು 25 ಗ್ರಾಂ, ಹೆಚ್ಚುಕಡಿಮೆ 6 ಸಣ್ಣ ಚಮಚ. ಜೇನುತುಪ್ಪವೂ ಈ ಲೆಕ್ಕದಲ್ಲೇ ಬರುತ್ತದೆ. ಗಾಣದ ಬೆಲ್ಲದಲ್ಲಿ ಸ್ವಲ್ಪ ಖನಿಜಾಂಶ ಇರುತ್ತದೆ, ನಿಜ. ಆದರೆ ಅದರ ಬಹುಪಾಲು ಸಕ್ಕರೆಯೇ. ರಕ್ತದಲ್ಲಿ ಶುಗರ್ ಏರಿಸುವ ವಿಷಯದಲ್ಲಿ ಅದಕ್ಕೆ ರಿಯಾಯಿತಿ ಇಲ್ಲ.

ಈಗ ನಮ್ಮ ಮನೆಗಳ ಲೆಕ್ಕ ನೋಡಬೇಕು. ದಿನಕ್ಕೆ ಮೂರು ಕಪ್ ಚಹಾ, ಕಪ್ಪಿಗೆ ಎರಡು ಚಮಚ ಸಕ್ಕರೆ ಅಂದ್ರೆ 6 ಚಮಚ ಅಲ್ಲೇ ಮುಗೀತು. ಅದರ ಮೇಲೆ ಓಟ್ಸ್‌ಗೆ ಎರಡು ದೊಡ್ಡ ಚಮಚ ಬೆಲ್ಲದ ಪುಡಿ ಸುರಿದರೆ ಇನ್ನೂ ಒಂದು ದಿನದ ಸಿಹಿ ಒಂದೇ ಬಟ್ಟಲಿನಲ್ಲಿ ಹೊಟ್ಟೆಗೆ ಹೋಗುತ್ತದೆ. ‘ಹೆಲ್ದಿ ನಾಷ್ಟಾ’ ಅಂತ ತಿಂದವರಿಗೆ ಇದು ಗೊತ್ತೇ ಆಗುವುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದ ಅಧ್ಯಯನದ ವರದಿ 2023ರಲ್ಲಿ ಪ್ರಕಟವಾಗಿದೆ. ಅದರ ಪ್ರಕಾರ ದೇಶದಲ್ಲಿ ಮಧುಮೇಹ ಇರುವವರು ಸುಮಾರು 10.1 ಕೋಟಿ. ಆದ್ದರಿಂದ ಬಟ್ಟಲಿಗೆ ಒಂದು ಸಣ್ಣ ಚಮಚ ಬೆಲ್ಲ ಅಥವಾ ಸಕ್ಕರೆ ಸಾಕು. ಉಳಿದ ಸಿಹಿ ಹಣ್ಣಿನಿಂದ, ಪರಿಮಳ ಏಲಕ್ಕಿಯಿಂದ ಬರಲಿ. ಶುಗರ್ ಇದ್ದವರು ಒಣಹಣ್ಣನ್ನೂ ಲೆಕ್ಕ ಹಿಡಿದೇ ಹಾಕಬೇಕು, ತಮ್ಮ ಡಾಕ್ಟರನ್ನು ಕೇಳಿ ಪ್ರಮಾಣ ಗೊತ್ತು ಮಾಡಿಕೊಳ್ಳಬೇಕು.

ಓಟ್ಸ್‌ನಿಂದ ಲಾಭ ಇಲ್ಲ ಅಂತಲ್ಲ. ಅದರಲ್ಲಿರುವ ಬೀಟಾ ಗ್ಲುಕಾನ್ ಎಂಬ ನಾರು ದಿನಕ್ಕೆ 3 ಗ್ರಾಂ ಹೊಟ್ಟೆಗೆ ಹೋದರೆ ಕೆಟ್ಟ ಕೊಲೆಸ್ಟ್ರಾಲ್ ಇಳಿಸಲು ನೆರವಾಗುತ್ತದೆ. 40 ಗ್ರಾಂ ಓಟ್ಸ್‌ನಲ್ಲಿ ಅದರ ಅರ್ಧದಷ್ಟು ಸಿಗುತ್ತದೆ. ಹಾಗಂತ ರೊಟ್ಟಿ ಬಿಡಬೇಕಾಗಿಲ್ಲ. ಒಟ್ಟು ನಾರಿನ ಅಂಶ ಜೋಳದಲ್ಲೂ ಓಟ್ಸ್‌ನಲ್ಲೂ ಹೆಚ್ಚುಕಡಿಮೆ ಒಂದೇ, 100 ಗ್ರಾಂಗೆ ಸುಮಾರು 10 ಗ್ರಾಂ. ಓಟ್ಸ್ ತುಟ್ಟಿ ಅನಿಸಿದರೆ ಜೋಳದ ಅವಲಕ್ಕಿ ತಂದು ಇದೇ ರೀತಿ ಮಾಡಬಹುದು.

ಫ್ರಿಜ್ ಇಲ್ಲಾಂದ್ರ ರಾತ್ರಿ ನೆನೆಸಬ್ಯಾಡ್ರಿ

ಹಾಲು ಬೆರೆತ ಪದಾರ್ಥ 5 ಡಿಗ್ರಿಗಿಂತ ಮೇಲಿನ ಉಷ್ಣತೆಯಲ್ಲಿ ಇದ್ದಷ್ಟೂ ಹೊತ್ತು ಅದರಲ್ಲಿ ರೋಗಾಣು ಬೆಳೆಯುತ್ತಾ ಹೋಗುತ್ತವೆ. ಸಾಮಾನ್ಯ ದಿನಗಳಲ್ಲಿ 2 ತಾಸು, 32 ಡಿಗ್ರಿ ದಾಟಿದ ಬಿಸಿಲಿನಲ್ಲಿ ಒಂದು ತಾಸಿಗಿಂತ ಹೆಚ್ಚು ಹೊರಗೆ ಇಡಬಾರದು. ಮಣ್ಣಿನ ಗಡಿಗೆಯ ತಂಪು ಇದಕ್ಕೆ ಸಾಲದು.

‘ಅಂಬಲಿ ರಾತ್ರಿ ಹೊರಗ ಇಟ್ರೂ ಏನೂ ಆಗಲ್ಲ, ಓಟ್ಸ್ ಯಾಕ ಕೆಡ್ತದ?’ ಎಂಬ ಪ್ರಶ್ನೆ ಸಹಜ. ಅಂಬಲಿಯನ್ನು ಕುದಿಸಿ ಮಾಡುತ್ತಾರೆ, ನಂತರ ಅದು ಹುಳಿ ಬರುತ್ತದೆ. ಆ ಹುಳಿಯೇ ಕೆಡಿಸುವ ರೋಗಾಣುಗಳನ್ನು ತಡೆಯುತ್ತದೆ. ಸಿಹಿ ಹಾಲಿನ ಓಟ್ಸ್‌ಗೆ ಅಂಥ ಕಾವಲು ಇಲ್ಲ. ಎರಡು ಚಮಚ ಮೊಸರು ಹಾಕಿದ ಮಾತ್ರಕ್ಕೆ ಅದು ಸುರಕ್ಷಿತ ಆಗುವುದಿಲ್ಲ.

ಫ್ರಿಜ್ ಇಲ್ಲದವರಿಗೂ ದಾರಿ ಇದೆ. ರಾತ್ರಿ ಓಟ್ಸ್, ಶೇಂಗಾ ಪುಡಿ, ಏಲಕ್ಕಿ, ಒಣದ್ರಾಕ್ಷಿ ಎಲ್ಲವನ್ನೂ ಒಣದಾಗಿಯೇ ಡಬ್ಬಿಗೆ ಹಾಕಿಡಬೇಕು. ಮುಂಜಾನೆ ಚಹಾಕ್ಕೆ ಹಾಲು ಕಾಸಿದಾಗ ಅದರಲ್ಲೇ ಮುಕ್ಕಾಲು ಲೋಟ ಬಿಸಿ ಹಾಲು ಸುರಿದು ಮುಚ್ಚಿಡಬೇಕು. ತೆಳು ಓಟ್ಸ್ ಆದರೆ 10-15 ನಿಮಿಷಕ್ಕೆ ಮೆತ್ತಗಾಗುತ್ತದೆ. ಬೆಲ್ಲ ಹಾಕುವುದಿದ್ದರೆ ಆರಿದ ಮೇಲೆ.

ಫ್ರಿಜ್ ಇದ್ದವರಿಗೂ ಒಂದು ಮಾತು. ರಾತ್ರಿ ಕರೆಂಟ್ ಹೋದರೆ, ಬಾಗಿಲು ತೆರೆಯದೇ ಇದ್ದ ಫ್ರಿಜ್ ಸುಮಾರು 4 ತಾಸು ತಂಪು ಹಿಡಿಯುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಕರೆಂಟ್ ಇಲ್ಲದಿದ್ದರೆ ಆ ಡಬ್ಬಿ ತಿನ್ನದಿರುವುದೇ ಒಳ್ಳೆಯದು. ಹೊಲಕ್ಕೆ, ಕೆಲಸಕ್ಕೆ ಬುತ್ತಿ ಒಯ್ಯುವವರು ಒಣ ಡಬ್ಬಿ ಒಯ್ದು, ತಿನ್ನುವ ಹೊತ್ತಿಗೆ ಬಿಸಿ ಹಾಲು ಬೆರೆಸಿಕೊಳ್ಳಬೇಕು.

ಅಂಗಡಿಕಾರರು ನೋಡಬೇಕಾದದ್ದು

ಹಣ್ಣಿನ, ಚಾಕೊಲೇಟ್ ರುಚಿಯ ಸಣ್ಣ ಪಾಕೀಟುಗಳ ಬಗ್ಗೆ ಗಿರಾಕಿ ಕೇಳಿದರೆ ಹಿಂಬದಿ ತೋರಿಸಬೇಕು. ಪದಾರ್ಥಗಳ ಪಟ್ಟಿಯಲ್ಲಿ ತೂಕ ಹೆಚ್ಚಿದ್ದದ್ದು ಮೊದಲು ಬರಬೇಕು ಎಂಬುದು ನಿಯಮ. ಓಟ್ಸ್ ಆದ ಕೂಡಲೇ ಸಕ್ಕರೆಯ ಹೆಸರಿದ್ದರೆ ಸಿಹಿ ಜಾಸ್ತಿ ಅಂತಲೇ ಅರ್ಥ. ಪೋಷಕಾಂಶದ ಪಟ್ಟಿಯಲ್ಲಿ ‘ಆಡೆಡ್ ಶುಗರ್ಸ್’ ಎಷ್ಟು ಗ್ರಾಂ ಎಂಬುದೂ ಇರುತ್ತದೆ.

ದರದ ಲೆಕ್ಕವೂ ಸುಲಭ. 40 ಗ್ರಾಂ ಪಾಕೀಟಿನ ದರವನ್ನು 25ರಿಂದ ಗುಣಿಸಿದರೆ ಕೆಜಿ ದರ ಸಿಗುತ್ತದೆ. ಪಾಕೀಟಿಗೆ 20 ರೂಪಾಯಿ ಅಂತ ಹಿಡಿದರೆ ಕೆಜಿಗೆ 500 ರೂಪಾಯಿ ಬಿತ್ತು. ಅದನ್ನು ಸಾದಾ ಓಟ್ಸ್‌ನ ಕೆಜಿ ದರದ ಜೊತೆ ಇಟ್ಟು ನೋಡಿದರೆ ವ್ಯತ್ಯಾಸ ಗಿರಾಕಿಗೇ ತಿಳಿಯುತ್ತದೆ. ಸಾದಾ ಓಟ್ಸ್ ಪಕ್ಕದಲ್ಲೇ ಶೇಂಗಾ ಪುಡಿ, ಒಣದ್ರಾಕ್ಷಿ, ಸಬ್ಜಾ, ಏಲಕ್ಕಿ ಇಟ್ಟರೆ ವ್ಯಾಪಾರವೂ ಆಗುತ್ತದೆ.

ಓಟ್ಸ್‌ನಲ್ಲಿ ಎಣ್ಣೆ ಅಂಶ ಅಕ್ಕಿ-ಗೋಧಿಗಿಂತ ಜಾಸ್ತಿ. ಪಾಕೀಟು ಒಡೆದು ಬಹಳ ದಿನ ಇಟ್ಟರೆ ಕಮಟು ವಾಸನೆ ಬರುತ್ತದೆ, ಮಳೆಗಾಲದಲ್ಲಿ ನುಸಿ ಹತ್ತುತ್ತದೆ. ಬಿಡಿಯಾಗಿ ಮಾರುವವರು ಗಾಳಿ ಆಡದ ಡಬ್ಬಿಯಲ್ಲಿ ಇಡಬೇಕು, ಹಳೆ ಮಾಲಿನ ಮೇಲೆ ಹೊಸದು ಸುರಿಯಬಾರದು. ಮನೆಯಲ್ಲೂ ಅಷ್ಟೇ, ತಿಂಗಳಿಗೆ ಸಾಕಾಗುವಷ್ಟು ತಂದರೆ ಸಾಕು.