ಹಲವು ಭಾಷೆ, ಒಂದೇ ವಿದ್ಯೆ

ಗಣಕಯಂತ್ರಕ್ಕೆ ಕೆಲಸ ಹೇಳುವ ಭಾಷೆಗಳು ಒಂದೆರಡಲ್ಲ. 1957ರಲ್ಲಿ ಜಾನ್ ಬ್ಯಾಕಸ್‌ರ ತಂಡವು ಗಣಿತದ ಲೆಕ್ಕಗಳಿಗಾಗಿ ಫೋರ್ಟ್ರಾನ್ ಹೊರತಂದಿತು. 1972ರ ಸುಮಾರಿಗೆ ಡೆನ್ನಿಸ್ ರಿಚಿ ‘ಸಿ’ ಭಾಷೆಯನ್ನು ರೂಪಿಸಿದರು. 1991ರಲ್ಲಿ ಪೈಥಾನ್ ಬಂದಿತು. ಇವೆಲ್ಲವನ್ನೂ ಕಲಿಯಹೊರಟ ವಿದ್ಯಾರ್ಥಿಯ ಶ್ರಮವೂ ತಂದೆತಾಯಿಯರ ಹಣವೂ ಸಾರ್ಥಕವಾಗುವುವೇ?

ಬರಹದ ರೂಪ ಬದಲಾದ ಮಾತ್ರಕ್ಕೆ ವಿದ್ಯೆ ಬೆಳೆಯದು. ಜಾವಾ ಬಲ್ಲವನಿಗೆ ಸಿ-ಶಾರ್ಪ್ ಬಹುಮಟ್ಟಿಗೆ ಪರಿಚಿತವೇ. ಆದರೆ ‘ಸಿ’ಯಲ್ಲಿ ಬರೆಯುವವನು ಯಂತ್ರದ ಸ್ಮೃತಿಯಲ್ಲಿ ಬೇಕಾದ ಸ್ಥಳವನ್ನು ಎಷ್ಟೋ ವೇಳೆ ತಾನೇ ಪಡೆದು ತಾನೇ ತೆರವು ಮಾಡಬೇಕು, ಪೈಥಾನಿನಲ್ಲಿ ಆ ಹೊಣೆ ಭಾಷೆಯದೇ. 1958ರಲ್ಲಿ ಜಾನ್ ಮೆಕಾರ್ಥಿ ಆರಂಭಿಸಿದ ಲಿಸ್ಪ್, ಆಜ್ಞೆಗಳನ್ನೂ ಪಟ್ಟಿಯೊಳಗಿನ ಪಟ್ಟಿಗಳಾಗಿಯೇ ಬರೆಯಿಸುತ್ತದೆ. ಹೀಗೆ ಭಿನ್ನ ರೀತಿಯಲ್ಲಿ ಆಲೋಚಿಸಲು ಕಲಿಸುವ ಎರಡು ಮೂರು ಭಾಷೆಗಳು ಬುದ್ಧಿಯನ್ನು ಹದಗೊಳಿಸುತ್ತವೆ.

ಒಂದರಲ್ಲಿ ನುರಿತ ಮೇಲೆ ಮತ್ತೊಂದಕ್ಕೆ ಕೈಹಾಕುವುದು ಲೇಸು. ಹತ್ತು ನುಡಿಗಳಲ್ಲಿ ನಮಸ್ಕಾರ ಹೇಳಬಲ್ಲವನಿಗಿಂತ, ಒಂದರಲ್ಲಿ ವ್ಯವಹಾರ ನಡೆಸಬಲ್ಲವನೇ ಭಾಷೆ ಬಲ್ಲವನು.